ಮಿಲ್ಡಾ ಲೌಬರ್ಟೆ ಹೆಸರಲ್ಲಿ ಒಂದು ಖಾತೆ ತೆರೆಯುವುದು ಹೇಗೆ

ನಾನು ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆದವನು. ಈಗ ಮೊಮ್ಮಗಳಿಗೆ ಚೆಸ್ ಹೇಳಿಕೊಡುತ್ತೇನೆ. ಹಳೇ ಆಟಗಾರರನ್ನು ನೋಡು ಅಂದರೆ ಅವಳು ವಿಡಿಯೋ ಹಾಕುತ್ತಾಳೆ. ಅದರಲ್ಲಿ ಬರೀ ಗೆದ್ದ ಆಟಗಳು. ಜಮೆ ಮಾತ್ರ ಬರೆದ ಪುಸ್ತಕವನ್ನು ಯಾವ ಸಾಹುಕಾರ ಒಪ್ಪುತ್ತಾನೆ?

ಅದಕ್ಕೇ ಒಬ್ಬ ಹಳೇ ಆಟಗಾರ್ತಿಯ ಗೆಲುವು, ಸೋಲು ಎರಡನ್ನೂ ಲೆಕ್ಕದ ಪುಸ್ತಕದ ಹಾಗೆ ಬರೆದಿಡಿ. ಹೊಲಿದ ನೋಟ್‌ಬುಕ್ ತಗೊಳ್ಳಿ. ಬಿಡಿ ಹಾಳೆ ಬೇಡ. ಮೇ ತಿಂಗಳಲ್ಲಿ ನಮ್ಮೂರಲ್ಲಿ ಫ್ಯಾನ್ ಆರಿಸೋ ಹಾಗಿಲ್ಲ, ಹಾಳೆ ಹಾರಿ ಹೋಗುತ್ತದೆ. ಮುಂದಿನಿಂದ ಕಿರ್ದಿ, ಅಂದರೆ ನಡೆದದ್ದನ್ನು ಸಾಲಾಗಿ ಬರೆಯುವ ಭಾಗ: ವರ್ಷ, ಊರು, ಟೂರ್ನಿ. ಹಿಂದಿನಿಂದ ಖಾತೆ: ಒಬ್ಬೊಬ್ಬ ಎದುರಾಳಿಗೆ ಒಂದೊಂದು ಪುಟ.

ನಾವು ಆರಿಸಿಕೊಂಡದ್ದು ಲಾಟ್ವಿಯಾದ ಚೆಸ್ ಆಟಗಾರ್ತಿ ಮಿಲ್ಡಾ ಲೌಬರ್ಟೆ ಅವರನ್ನು. ಹುಟ್ಟಿದ್ದು 1918ರಲ್ಲಿ. 1937ರಲ್ಲಿ ಸ್ಟಾಕ್‌ಹೋಮ್‌ನ ಮಹಿಳಾ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದಾಗ 18 ವರ್ಷ. ಅಲ್ಲಿ ಆಗಿನ ವಿಶ್ವ ಚಾಂಪಿಯನ್ ವೆರಾ ಮೆಂಚಿಕ್ 14ಕ್ಕೆ 14 ಗೆದ್ದುಬಿಟ್ಟರು! ಮೆಂಚಿಕ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅಂಥವರ ಎದುರಿಗೆ ಬಂದು ಕೂತವರ ಲೆಕ್ಕವೇ ನನಗೆ ಇಷ್ಟ.

ಆಟ ನೋಡುವ ಮೊದಲು ಟೂರ್ನಿಯ ಅಂಕಪಟ್ಟಿ ತಾಳೆ ನೋಡಿ. ಲೌಬರ್ಟೆ ಆಡಿದ 1939ರ ಮಹಿಳಾ ವಿಶ್ವ ಚಾಂಪಿಯನ್‌ಶಿಪ್, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಅಲ್ಲಿ 20 ಜನ, ಎಲ್ಲರೂ ಎಲ್ಲರ ಜೊತೆ ಆಡಿದರು. ತಲಾ 19 ಆಟ. 20 ಇಂಟು 19 ಅಂದರೆ 380, ಅದರ ಅರ್ಧ 190 ಆಟ. ಒಂದು ಆಟಕ್ಕೆ ಒಂದೇ ಅಂಕ. ಡ್ರಾ ಆದರೆ ಅರ್ಧರ್ಧ. ಹಾಗಾಗಿ ಎಲ್ಲರ ಅಂಕ ಕೂಡಿದರೆ 190 ಬರಲೇಬೇಕು. ನಮಗೆ ಮೊದಲ ಸಲ 189½ ಬಂತು. ಒಂದು ಡ್ರಾ ಒಬ್ಬರ ಸಾಲಿಗೆ ಏರಿತ್ತು, ಇನ್ನೊಬ್ಬರ ಸಾಲಲ್ಲಿ ಸೊನ್ನೆ. ಹುಡುಕೋಕೆ ಒಂದು ಸಂಜೆ ಪೂರ್ತಿ ಹೋಯಿತು. ಅಷ್ಟರಲ್ಲಿ ಇಪ್ಪತ್ತೂ ಹೆಸರು ಅವಳಿಗೆ ಬಾಯಿಪಾಠ.

ಆಮೇಲೆ ಆಟ. ಸೋತದ್ದನ್ನೇ ಮೊದಲು ತೆಗೆಯಿರಿ. ನಡೆಗಳ ಮೇಲೆ ಸ್ಕೇಲ್ ಇಟ್ಟು ಮುಚ್ಚಿ, ಒಂದೊಂದೇ ಸಾಲು ಇಳಿಸಿ. ಮಗು ತನ್ನ ನಡೆ ಹೇಳಿದ ಮೇಲೇ ಲೌಬರ್ಟೆಯ ನಡೆ ಕಾಣಬೇಕು. ಕುದುರೆಯೋ ಒಂಟೆಯೋ ಹೋಯಿತಾ? ಅದೇ ಸಾಲಿನ ಪಕ್ಕ 'ಖರ್ಚು' ಅಂತ ಬರೆಯಿರಿ. ಕಂಪ್ಯೂಟರ್ ಏನನ್ನುತ್ತದೆ ಅಂತ ನೋಡುವುದು ಕೊನೆಗೆ.

ಕಿರ್ದಿಯ ಅಂಚಿನಲ್ಲಿ ಜಾಗ ಬಿಡಿ, ಹೊರಗೆ ಏನಾಗುತ್ತಿತ್ತು ಅಂತ ಬರೆಯಲು. ಬ್ಯೂನಸ್ ಐರಿಸ್‌ನಲ್ಲಿ ಟೂರ್ನಿ ನಡೆಯುತ್ತಿರುವಾಗಲೇ ಯೂರೋಪಿನಲ್ಲಿ ಯುದ್ಧ ಶುರುವಾಯಿತು. ಅಲ್ಲಿ ಆಡಿದ್ದ ಸೋನ್ಯಾ ಗ್ರಾಫ್ ಅರ್ಜೆಂಟೀನಾದಲ್ಲೇ ಉಳಿದರು. ಲೌಬರ್ಟೆ ಊರಿಗೆ ಮರಳಿದರು. 1940ರಲ್ಲಿ ಸೋವಿಯತ್ ಸೇನೆ ಲಾಟ್ವಿಯಾಕ್ಕೆ ಬಂತು. ಅದಾದ ಮೇಲೂ ಅವರು ಅಲ್ಲಿನ ಚಾಂಪಿಯನ್‌ಶಿಪ್‌ಗಳಲ್ಲಿ ಆಡಿದರು.

1944ರಲ್ಲಿ ಮೆಂಚಿಕ್ ಲಂಡನ್‌ನಲ್ಲಿ ಬಾಂಬಿಗೆ ಬಲಿಯಾದರು. ಲೆಕ್ಕ ಮುಗಿಯಿತು ಅಂತ ಆ ಖಾತೆಯ ಕೆಳಗೆ ಎರಡು ಗೆರೆ ಎಳೆಯಬೇಕಾ ತಾತಾ ಅಂತ ಮೊಮ್ಮಗಳು ಕೇಳಿದಳು. ಎಳಿ ಅಂದೆ. ಲೌಬರ್ಟೆ ಬದುಕಿದ್ದು 2009ರವರೆಗೆ. ಕಿರ್ದಿಗೆ ಪುಟ ಜಾಸ್ತಿನೇ ಬಿಟ್ಟಿರಿ. ನಾವು ಕಡಿಮೆ ಬಿಟ್ಟು, ಆಮೇಲೆ ಗೋಂದು ಹಚ್ಚಿ ಹಾಳೆ ಅಂಟಿಸಿದೆವು.