ವಾರದ ಸುದ್ದಿಯಿಂದ ಶನಿವಾರದ ಪಾಠ: ನನ್ನ ಅನುಭವ

ಧಾರವಾಡ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಪಿಸಿಎಂ ಶಿಕ್ಷಕ. ಎಂಟರಿಂದ ಹತ್ತರವರೆಗೆ ಗಣಿತ, ಭೌತ, ರಸಾಯನ ನನ್ನ ಪಾಲಿಗೆ. ನಮ್ಮ ಶಾಲೆಯಲ್ಲಿ ಪ್ರತಿ ವಾರ ನಡೆಯುವ ‘ವಾರದ ಸುದ್ದಿ’ ಮತ್ತು ಅದರಿಂದ ಹುಟ್ಟುವ ಶನಿವಾರದ ಪಾಠದ ಬಗ್ಗೆ ಬೇರೆ ಶಾಲೆಗಳ ಶಿಕ್ಷಕರು ಆಗಾಗ ಕೇಳುತ್ತಾರೆ. ಹೇಗೆ ನಡೆಸುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಬೆಳಗಿನ ಪ್ರಾರ್ಥನೆಯಲ್ಲಿ ಸುದ್ದಿ ಓದುವ ರೂಢಿ ಹೆಚ್ಚಿನ ಶಾಲೆಗಳಲ್ಲಿ ಇದೆ. ನಾಡಗೀತೆ, ಸಂವಿಧಾನದ ಪ್ರಸ್ತಾವನೆ, ಅಮೃತವಚನ ಮುಗಿದ ಮೇಲೆ ಒಬ್ಬ ಹುಡುಗ ಮುಂದೆ ಬಂದು ಪತ್ರಿಕೆಯಿಂದ ಬರೆದುಕೊಂಡ ತಲೆಬರಹಗಳನ್ನು ಓದುತ್ತಾನೆ. ದಿಲ್ಲಿಯ ಸುದ್ದಿ, ಕ್ರಿಕೆಟ್, ಚಿನ್ನದ ದರ. ಓದಿದವನೂ ಕೇಳಿದವರೂ ತರಗತಿಗೆ ಹೋಗುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಅದೇ ಹುಡುಗನ ಮನೆಯಲ್ಲಿ ಹಿಂದಿನ ರಾತ್ರಿ ಎಮ್ಮೆ ಕರು ಹಾಕಿರುತ್ತದೆ, ಹೊಲದಲ್ಲಿ ಬೋರ್‌ವೆಲ್ ಕೊರೆಸಿರುತ್ತಾರೆ, ಸಂತೆಯಲ್ಲಿ ಉಳ್ಳಾಗಡ್ಡಿ ದರ ಬಿದ್ದಿರುತ್ತದೆ. ಶಾಲೆಗೆ ಬರುವಾಗ ಇದನ್ನೆಲ್ಲ ಗೇಟಿನ ಹೊರಗೇ ಬಿಟ್ಟು ಬರಬೇಕು ಎಂದು ಮಕ್ಕಳು ತಿಳಿದಿದ್ದಾರೆ. ಆ ತಿಳಿವಳಿಕೆಯನ್ನು ಮುರಿಯಬೇಕಿತ್ತು.

ಈಗ ನಮ್ಮಲ್ಲಿ ನಡೆಯುವುದು ಹೀಗೆ. ಸೋಮವಾರ ವರಾಂಡದ ಗೋಡೆಗೆ ಒಂದು ದೊಡ್ಡ ಕಾಕಿ ಹಾಳೆ ಅಂಟಿಸುತ್ತೇವೆ. ಅದೇ ನಮ್ಮ ‘ವಾರದ ಸುದ್ದಿ’ ಫಲಕ. ಹಳೆಯ ನೋಟ್‌ಬುಕ್ಕಿನ ಅರ್ಧ ಹಾಳೆಗಳೇ ಸುದ್ದಿಯ ಚೀಟಿಗಳು. ವಾರವಿಡೀ ಯಾರು ಬೇಕಾದರೂ ಬರೆದು ಡಬ್ಬಿಗೆ ಹಾಕಬಹುದು. ವಾರಕ್ಕೊಮ್ಮೆ ಬದಲಾಗುವ ನಾಲ್ವರು ಮಕ್ಕಳು ಸಂಪಾದಕರು. ಅವರು ಚೀಟಿಗಳನ್ನು ಓದಿ, ಬರೆದವರನ್ನು ಕರೆದು ಮಾತಾಡಿಸಿ, ಒಳ್ಳೆಯವನ್ನು ಹಾಳೆಗೆ ಅಂಟಿಸುತ್ತಾರೆ. ಶುಕ್ರವಾರ ಮಧ್ಯಾಹ್ನ ಅವರ ಜೊತೆ ಕೂತು ಒಂದು ಸುದ್ದಿಯನ್ನು ಆರಿಸುತ್ತೇನೆ. ಶನಿವಾರ ಬೆಳಗಿನ ಶಾಲೆ ಇರುವುದರಿಂದ ಕೊನೆಯ ಎರಡು ಪಿರಿಯಡ್‌ಗಳಲ್ಲಿ ಆ ಸುದ್ದಿಯೇ ಪಾಠ.

ಚೀಟಿಗೆ ಇರುವ ನಿಯಮಗಳು ಎರಡೇ. ಬರೆದದ್ದನ್ನು ಸ್ವತಃ ನೋಡಿರಬೇಕು. ಮತ್ತು ‘ಎಷ್ಟು?’ ಎಂದು ಸಂಪಾದಕರು ಕೇಳಿದರೆ ಉತ್ತರ ಇರಬೇಕು, ಇಲ್ಲದಿದ್ದರೆ ಹೋಗಿ ಅಳೆದು ಬರಬೇಕು. ‘ಜೋರು ಮಳೆ ಬಂತು’ ಎಂದರೆ ಸಾಲದು. ಈ ಎರಡನೆಯ ನಿಯಮವೇ ಇಡೀ ಕೆಲಸದ ಜೀವ. ಅದನ್ನು ಬಿಟ್ಟರೆ ಉಳಿಯುವುದು ಒಂದು ಅಂದದ ಗೋಡೆಪತ್ರಿಕೆ ಅಷ್ಟೇ.

ಒಂದು ಉದಾಹರಣೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕಡೆ ನಾಗರ ಪಂಚಮಿ ಎಂದರೆ ಜೋಕಾಲಿ ಹಬ್ಬ. ಊರ ತುಂಬ ಗಿಡಗಳಿಗೆ ಹಗ್ಗ ಬೀಳುತ್ತದೆ. ಆ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಚೀಟಿ ಬಂತು: ‘ನಮ್ಮ ಓಣ್ಯಾಗ ಹುಣಸಿ ಗಿಡಕ್ಕ ಜೋಕಾಲಿ ಕಟ್ಯಾರ. ಕುಂತು ಜೀಕೋದಕ್ಕಿಂತ ನಿಂತು ಜೀಕಿದ್ರ ಲಗೂ ಬರತೈತಿ.’ ಸಂಪಾದಕರು ಕೇಳಿದರು, ‘ಎಷ್ಟು ಲಗೂ?’ ಅವಳು ‘ಗೊತ್ತಿಲ್ಲ’ ಎಂದಳು. ಶನಿವಾರ ಇಡೀ ತರಗತಿ ಆ ಹುಣಸೆ ಗಿಡದ ಕೆಳಗೆ ಸೇರಿತು.

ಅಳೆಯುವ ಮೊದಲು ಊಹೆಗಳನ್ನು ಬರೆಸಿದೆ. ಇದನ್ನು ಎಂದೂ ಬಿಡುವುದಿಲ್ಲ. ದಪ್ಪಗಿರುವವರು ಕೂತರೆ ಜೋಕಾಲಿ ನಿಧಾನವಾಗಿ ಬರುತ್ತದೆ ಎಂದು ಹೆಚ್ಚಿನವರು ಬರೆದರು. ಆಮೇಲೆ ಹತ್ತು ಸಲ ಹೋಗಿ ಬರುವುದಕ್ಕೆ ಹಿಡಿಯುವ ಕಾಲವನ್ನು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ನೋಡಿ ಹತ್ತರಿಂದ ಭಾಗಿಸಿದೆವು. ಒಂದೇ ಸಲ ಅಳೆದರೆ ಬೆರಳು ಒತ್ತುವಲ್ಲಿ ಆಗುವ ಹೆಚ್ಚುಕಡಿಮೆ ಪೂರ್ತಿಯಾಗಿ ಉತ್ತರಕ್ಕೆ ಸೇರುತ್ತದೆ, ಹತ್ತು ಸಲದ್ದನ್ನು ಒಟ್ಟಿಗೆ ಅಳೆದರೆ ಅದೂ ಹತ್ತು ಪಾಲಾಗುತ್ತದೆ. ಹಗ್ಗ ಸುಮಾರು ನಾಲ್ಕು ಮೀಟರ್ ಇತ್ತು. ಒಂದು ಸಲ ಹೋಗಿ ಬರಲು ಸುಮಾರು ನಾಲ್ಕು ಸೆಕೆಂಡು. ಸಣ್ಣ ಹುಡುಗ ಕೂತಾಗಲೂ, ಅವನ ಎರಡರಷ್ಟು ತೂಕದ ಹುಡುಗ ಕೂತಾಗಲೂ ಹೆಚ್ಚು ವ್ಯತ್ಯಾಸ ಬರಲಿಲ್ಲ. ಮಕ್ಕಳು ನಂಬಲಿಲ್ಲ. ‘ಸರ, ಇನ್ನೊಮ್ಮಿ ನೋಡೂಣ್ರಿ’ ಎಂದರು. ನೋಡಿದೆವು. ಅದೇ ಬಂತು.

ನಿಂತು ಜೀಕಿದಾಗ ಮಾತ್ರ ಕಾಲ ಕಡಿಮೆಯಾಯಿತು. ಹುಡುಗಿ ಬರೆದದ್ದು ನಿಜವಾಗಿತ್ತು. ಏಕೆ ಎಂಬುದಕ್ಕೆ ಉತ್ತರವನ್ನು ನಾನು ಹೇಳಲಿಲ್ಲ. ದಾರಕ್ಕೆ ಕಲ್ಲು ಕಟ್ಟಿ ಕೊಟ್ಟೆ. ಒಂದು ತಂಡಕ್ಕೆ ಕಾಲು ಮೀಟರ್ ದಾರ, ಇನ್ನೊಂದಕ್ಕೆ ಒಂದು ಮೀಟರ್. ಮೊದಲನೆಯದಕ್ಕೆ ಒಂದು ಸೆಕೆಂಡು, ಎರಡನೆಯದಕ್ಕೆ ಎರಡು. ಜೋಕಾಲಿಯ ನಾಲ್ಕು ಮೀಟರಿಗೆ ನಾಲ್ಕು. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟು ಎಂಬುದನ್ನು ಅವರೇ ಫಲಕದ ಮೇಲೆ ಬರೆದರು. ನಿಂತಾಗ ಮೈಭಾರದ ನಡು ಮೇಲಕ್ಕೆ ಹೋಗುತ್ತದೆ, ತೂಗುವ ಉದ್ದ ಗಿಡ್ಡವಾಗುತ್ತದೆ ಎಂಬಲ್ಲಿಗೆ ಬರಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅದನ್ನು ಹೇಳಿದವಳು ಚೀಟಿ ಬರೆದ ಹುಡುಗಿಯೇ. ಕಾಲ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬ ಸೂತ್ರವನ್ನು ಫಲಕದ ಮೇಲೆ ಬರೆದಾಗ ಯಾರಿಗೂ ಅದು ಹೊರಗಿನಿಂದ ಬಂದದ್ದು ಅನ್ನಿಸಲಿಲ್ಲ.

ಮಳೆಯ ಸುದ್ದಿ ಶಾಲಾ ವರ್ಷದ ಮೊದಲ ತಿಂಗಳುಗಳಲ್ಲಿ ಬಂದೇ ಬರುತ್ತದೆ, ಆದ್ದರಿಂದ ಶಾಲೆ ತೆರೆದ ವಾರವೇ ಮಳೆಮಾಪಕ ಮಾಡಿಸುತ್ತೇನೆ. ಎರಡು ಲೀಟರಿನ ನೆಟ್ಟನೆಯ ಬದಿಯ ಪ್ಲಾಸ್ಟಿಕ್ ಬಾಟಲಿಯ ಕೊರಳು ಕತ್ತರಿಸಿ ತಲೆಕೆಳಗಾಗಿ ಅದರೊಳಗೇ ಕೂರಿಸಿದರೆ ಆಲಿಕೆ ಸಿದ್ಧ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ಹಾಗಾಗಿ ಮೊದಲು ಸಣ್ಣ ಕಲ್ಲು ಹಾಕಿ, ಬದಿ ನೆಟ್ಟಗಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿಂದ ಸೊನ್ನೆ ಎಂದು ಪಟ್ಟಿ ಅಂಟಿಸಬೇಕು. ಗಿಡ, ಗೋಡೆಗಳಿಂದ ದೂರ ಇಡಬೇಕು. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳತೆ ತೆಗೆಯುತ್ತಾರೆ, ನಮ್ಮದೂ ಅದೇ ಹೊತ್ತು. ಶಾಲೆಯ ಪಕ್ಕದ ಮನೆಯ ಮಕ್ಕಳು ರಜೆಯ ದಿನವೂ ಬಂದು ಬರೆದು ಹೋಗುತ್ತಾರೆ.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದು ತಿಳಿದ ದಿನ ಮಕ್ಕಳ ಲೆಕ್ಕ ನಿಲ್ಲುವುದಿಲ್ಲ. 20 ಮೀಟರ್ ಉದ್ದ, 6 ಮೀಟರ್ ಅಗಲದ ಮಾಡಿನ ಮೇಲೆ 10 ಮಿಲಿಮೀಟರ್ ಬಿದ್ದರೆ 1,200 ಲೀಟರ್. 15 ಲೀಟರಿನ ಕೊಡದಲ್ಲಿ 80 ಕೊಡ. ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ನಿಂತು ಗೊತ್ತಿರುವ ಹೆಣ್ಣುಮಕ್ಕಳಿಗೆ ಆ ಸಂಖ್ಯೆ ಏನು ಹೇಳುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ. ಆ ಲೆಕ್ಕವನ್ನು ಅವರು ದೊಡ್ಡ ಅಕ್ಷರದಲ್ಲಿ ಬರೆದು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ನಡೆಯುವ ಕೋಣೆಯ ಬಾಗಿಲಿಗೇ ಅಂಟಿಸಿದರು.

ಮಳೆಯ ದಾಖಲೆಯನ್ನು ತಿಂಗಳವಾರು ಬರೆಯುವುದರ ಜೊತೆಗೆ ನಕ್ಷತ್ರವಾರು ಬರೆಯಿರಿ ಎಂದು ಹೇಳಿದ್ದರಿಂದ ಇನ್ನೊಂದು ಲಾಭವಾಯಿತು. ಮಿರಗದ (ಮೃಗಶಿರಾ ನಕ್ಷತ್ರದ) ಮಳೆ ಯಾವಾಗ ಹೂಡುತ್ತದೆ, ಆರಿದ್ರಾ ಯಾವಾಗ ಎಂದು ಕೇಳಲು ಮಕ್ಕಳು ಅಜ್ಜಂದಿರ ಬಳಿ ಹೋದರು. ಒಂದೊಂದು ಮಳೆಗೂ ಹದಿಮೂರು, ಹದಿನಾಲ್ಕು ದಿನ ಏಕೆ ಎಂಬ ಪ್ರಶ್ನೆ ತರಗತಿಗೆ ಬಂತು. 365 ದಿನವನ್ನು 27 ನಕ್ಷತ್ರಗಳಿಗೆ ಹಂಚಿದರೆ ತಲಾ ಹದಿಮೂರೂವರೆ. ಸೂರ್ಯ ಒಂದೊಂದು ನಕ್ಷತ್ರದ ಎದುರು ಇರುವ ಕಾಲ ಅದು ಎಂದಾಗ ಭೂಮಿಯ ಪರಿಭ್ರಮಣೆಯ ಪಾಠ ಅಜ್ಜನ ಬಾಯಿಂದಲೇ ಶುರುವಾದಂತಾಯಿತು. ಓದು ಬರಹ ಬಾರದ ಹಿರಿಯರ ಮಾತು ಶಾಲೆಯ ದಾಖಲೆ ಪುಸ್ತಕ ಸೇರಿದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಸಂತೆಯ ಸುದ್ದಿ ಸಂಖ್ಯಾಶಾಸ್ತ್ರಕ್ಕೆ ಸಾಕಷ್ಟಾಯಿತು. ಐದು ಅಂಗಡಿಗಳಲ್ಲಿ ಉಳ್ಳಾಗಡ್ಡಿ ಕಿಲೋಗೆ 20, 25, 25, 30, 50 ರೂಪಾಯಿ ಇದ್ದರೆ ಸರಾಸರಿ 30, ಮಧ್ಯಾಂಕ (ಸಾಲಿನ ನಡುವಿನದು) 25, ಬಹುಲಕವೂ (ಹೆಚ್ಚು ಸಲ ಬಂದದ್ದು) 25. ‘ಸಂತ್ಯಾಗ ಎಷ್ಟಕ್ಕ ಸಿಗತೈತಿ ಅಂತ ಅವ್ವ ಕೇಳಿದ್ರ ಯಾವುದು ಹೇಳ್ತಿ?’ ಎಂದು ಕೇಳಿದೆ. ಇಪ್ಪತ್ತೈದು ಎಂದು ಎಲ್ಲರೂ ಹೇಳಿದರು. ಒಬ್ಬ ದುಬಾರಿ ಅಂಗಡಿಯವನು ಸರಾಸರಿಯನ್ನು ಎಳೆದೊಯ್ದದ್ದು ಅವರ ಕಣ್ಣಿಗೇ ಕಂಡಿತು.

ಮದುವೆ ಮನೆಯಿಂದ ಬಂದ ಹುಡುಗನ ಬಿಳಿ ಸಮವಸ್ತ್ರದ ಮೇಲಿನ ಅರಿಶಿನ ಕಲೆ ಸೋಪು ತಾಗಿ ಕೆಂಪಾದ ಸುದ್ದಿ ಆಮ್ಲ, ಪ್ರತ್ಯಾಮ್ಲಗಳ ಪಾಠವಾಯಿತು. ಪಠ್ಯಪುಸ್ತಕದಲ್ಲೂ ಅದು ಇದೆ, ಆದರೆ ಸ್ವಂತ ಅಂಗಿಯ ಮೇಲೆ ನೋಡಿದ್ದು ಮರೆಯುವುದಿಲ್ಲ.

ಹತ್ತನೆಯ ತರಗತಿಯವರ ಒಂದು ಸುದ್ದಿಯನ್ನು ಹೇಳಲೇಬೇಕು. ‘ಗಡಿಯಾರದಾಗ ಹನ್ನೆರಡಾದಾಗ ಧ್ವಜದ ಕಂಬದ ನೆರಳು ಎಲ್ಲಕ್ಕಿಂತ ಗಿಡ್ಡ ಇರಲಿಲ್ಲ. ಆಮ್ಯಾಲೂ ಗಿಡ್ಡ ಆತು’ ಎಂದು ಒಬ್ಬ ಬರೆದಿದ್ದ. ಅದು ಸೆಪ್ಟೆಂಬರ್ ತಿಂಗಳು. ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುವ 23ನೆಯ ತಾರೀಕಿನವರೆಗೆ ಈ ಸುದ್ದಿಯನ್ನು ಕಾದಿಟ್ಟೆ. ಆ ದಿನ ನೆಲದ ಮೇಲೆ ಒಂದು ಮೀಟರಿನ ಕೋಲು ನಿಲ್ಲಿಸಿ, ಗೌಂಡಿಗಳು ಗೋಡೆ ನೋಡುವ ಗುಂಡಿನಿಂದ ಅದು ನೆಟ್ಟಗಿದೆ ಎಂದು ಖಚಿತ ಮಾಡಿಕೊಂಡು, ಹನ್ನೆರಡರಿಂದ ಮುಕ್ಕಾಲು ಗಂಟೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿದೆವು. ಅತಿ ಗಿಡ್ಡ ನೆರಳು 12.20ರಿಂದ 12.25ರ ನಡುವೆ, ಉದ್ದ ಸುಮಾರು 28 ಸೆಂಟಿಮೀಟರ್.

ಅಲ್ಲಿಂದ ಎರಡು ದಾರಿ ಹೊರಟವು. ಮೊದಲನೆಯದು ಹೊತ್ತಿನದು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಧಾರವಾಡ ಇರುವುದು 75ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮಗೆ ಅರ್ಧ ಗಂಟೆ ತಡವಾಗಿ ಮಧ್ಯಾಹ್ನವಾಗಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ಗಡಿಯಾರಕ್ಕಿಂತ ಏಳೆಂಟು ನಿಮಿಷ ಮುಂದಿರುತ್ತಾನೆ. ಅದನ್ನು ಕಳೆದರೆ 12.23ರ ಆಸುಪಾಸು. ಎರಡನೆಯದು ಕೋನದ್ದು. ನೂರಕ್ಕೆ ಇಪ್ಪತ್ತೆಂಟರ ತ್ರಿಭುಜವನ್ನು ಅಳತೆಗೆ ಬರೆದು ಕೋನಮಾಪಕ ಇಟ್ಟರೆ ಹದಿನೈದೂವರೆ ಡಿಗ್ರಿ. ನಕಾಶೆ ತೆಗೆದು ಧಾರವಾಡದ ಅಕ್ಷಾಂಶ ನೋಡಿ ಎಂದೆ. ಹದಿನೈದೂವರೆ! ಆ ದಿನ ಮಧ್ಯಾಹ್ನ ಸೂರ್ಯ ಸಮಭಾಜಕ ವೃತ್ತದ ನೆತ್ತಿಯ ಮೇಲಿರುವುದರಿಂದ ಎರಡೂ ಒಂದೇ. ಒಂದು ಕೋಲು, ಒಂದು ನೆರಳು, ತಾವು ಭೂಮಿಯ ಮೇಲೆ ಎಲ್ಲಿದ್ದೇವೆ ಎಂಬುದು ಕೈಗೆ ಸಿಕ್ಕಿತ್ತು. ತ್ರಿಕೋನಮಿತಿಯ ‘ಟ್ಯಾನ್’ ಯಾತಕ್ಕೆ ಎಂದು ಆ ತಂಡದವರು ನನ್ನನ್ನು ಮತ್ತೆ ಕೇಳಲಿಲ್ಲ.

ಸೃಜನಶೀಲ ಬೋಧನೆ ಎಂದರೆ ಥರ್ಮಾಕೋಲ್, ಬಣ್ಣದ ಹಾಳೆ, ಪೇಟೆಯಿಂದ ತಂದ ಮಾದರಿ ಎಂಬ ಭಾವನೆ ನಮ್ಮ ಶಾಲೆಗಳಲ್ಲಿ ಬಲವಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ದುಡ್ಡಿದ್ದವರ ಮಕ್ಕಳ ಮಾದರಿ ಮುಂದೆ ಬರುತ್ತದೆ, ಉಳಿದವರು ಕೈಕಟ್ಟಿ ನೋಡುತ್ತಾರೆ. ನಮ್ಮ ಫಲಕಕ್ಕೆ ಬೇಕಾದದ್ದು ಕಾಕಿ ಹಾಳೆ, ಗೋಂದು, ಒಂದು ಅಳತೆಯ ಟೇಪು. ಕೂಲಿಗೆ ಹೋಗಿ ಬರುವ ಮನೆಯ ಮಗುವಿನ ಬಳಿ ಸುದ್ದಿ ಹೆಚ್ಚೇ ಇರುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬೀಳುವವರು ಸಂಪಾದಕರ ವಾರ ಬಂದಾಗ ಎಷ್ಟು ಗಟ್ಟಿಯಾಗಿ ಪ್ರಶ್ನೆ ಕೇಳುತ್ತಾರೆ ಎಂಬುದನ್ನು ನೋಡಿದರೆ ಅವರ ಬಗ್ಗೆ ನಮ್ಮ ಅಭಿಪ್ರಾಯ ಬದಲಾಗುತ್ತದೆ.

ಒಂದು ಎಚ್ಚರಿಕೆ. ಚೀಟಿಯ ಡಬ್ಬಿಯನ್ನು ಮೊದಲು ಶಿಕ್ಷಕರೇ ತೆರೆಯಬೇಕು. ಮನೆಯ ಜಗಳ, ಯಾರದೋ ಕುಡಿತ, ಇವು ಫಲಕಕ್ಕೆ ಹೋಗಬಾರದು. ‘ನಮ್ಮ ಗೆಳತಿ ಸಾಲಿ ಬಿಡತಾಳಂತ, ಲಗ್ನ ಗೊತ್ತಾಗೇತಿ’ ಎಂಬಂಥ ಚೀಟಿ ಬಂದರೆ ಅದು ಸುದ್ದಿಯಾಗಿ ಉಳಿಯಬಾರದು. ಹೆಣ್ಣಿಗೆ 18 ತುಂಬದೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಅಪರಾಧ. ಅದೇ ದಿನ ಮುಖ್ಯೋಪಾಧ್ಯಾಯರ ಗಮನಕ್ಕೆ ತರಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು, ಬರೆದ ಮಗುವಿನ ಹೆಸರು ಎಲ್ಲೂ ಹೊರಬರಬಾರದು. ಡಬ್ಬಿ ಇಟ್ಟ ಮೇಲೆ ಈ ಹೊಣೆಯನ್ನೂ ಹೊರಲೇಬೇಕು.

ಪಾಠ ಮುಗಿಯುವುದಿಲ್ಲವಲ್ಲ ಎಂದು ಕೇಳುವವರಿಗೆ: ನಾನು ಪಾಠಗಳ ಕ್ರಮವನ್ನು ಸ್ವಲ್ಪ ಹಿಂದೆಮುಂದೆ ಮಾಡುತ್ತೇನೆ, ಯಾವುದನ್ನೂ ಬಿಡುವುದಿಲ್ಲ. ವರ್ಷದ ಆರಂಭದಲ್ಲೇ ಮೂರೂ ತರಗತಿಗಳ ಅಧ್ಯಾಯಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು ಸಿಬ್ಬಂದಿ ಕೋಣೆಯಲ್ಲಿ ತೂಗುಹಾಕಿದರೆ, ಶುಕ್ರವಾರ ಸುದ್ದಿ ಆರಿಸುವಾಗ ಯಾವ ಅಧ್ಯಾಯಕ್ಕೆ ಹೊಂದುತ್ತದೆ ಎಂದು ಬೇಗ ತಿಳಿಯುತ್ತದೆ. ಹೊಂದುವ ಅಧ್ಯಾಯ ಇಲ್ಲದ ವಾರ ಒತ್ತಾಯ ಮಾಡುವುದಿಲ್ಲ, ಕನ್ನಡದ ಮೇಡಂ ಅದನ್ನು ವರದಿ ಬರೆಯುವ ಅಭ್ಯಾಸಕ್ಕೆ ತೆಗೆದುಕೊಳ್ಳುತ್ತಾರೆ. ಮಕ್ಕಳ ಅಳತೆಯ ಹಾಳೆಗಳೇ ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ಜೊತೆಗೇ ವರ್ಷವಿಡೀ ನಡೆಯುವ ಮೌಲ್ಯಮಾಪನದ) ಚಟುವಟಿಕೆಗೆ ದಾಖಲೆ, ಬೇರೆ ಪ್ರಾಜೆಕ್ಟ್ ಬರೆಸುವುದಿಲ್ಲ. ಹತ್ತನೆಯವರಿಗೆ ಡಿಸೆಂಬರ್ ನಂತರ ಪುನರಾವರ್ತನೆಯೇ ಮುಖ್ಯವಾಗುವುದರಿಂದ ಶನಿವಾರದ ಪಾಠ ಅಲ್ಲಿಗೆ ನಿಲ್ಲುತ್ತದೆ. ಆಗ ಫಲಕ ಎಂಟು, ಒಂಬತ್ತರವರದು. ಹೊಸ ಸಂಪಾದಕರಿಗೆ ಚೀಟಿ ಓದುವುದನ್ನು, ಬರೆದವರನ್ನು ನೋಯಿಸದೆ ‘ಎಷ್ಟು?’ ಎಂದು ಕೇಳುವುದನ್ನು ಹತ್ತನೆಯವರೇ ಒಂದು ವಾರ ಜೊತೆಗೆ ಕೂತು ಕಲಿಸಿ ಹೋಗುತ್ತಾರೆ.