ಎಡ ಅಂಕಣ ತುಂಬಲು ನಮಗೆ ಹಿಡಿದ 4 ವರ್ಷ

ಗ್ರಾಮ ಪಂಚಾಯಿತಿ ಸದಸ್ಯೆಯರಿಗೂ ಸ್ವಸಹಾಯ ಸಂಘಗಳ ಪದಾಧಿಕಾರಿಗಳಿಗೂ ನಾಯಕತ್ವ ತರಬೇತಿ ನೀಡುವ ನಾವು 6 ಮಂದಿ, ನಮ್ಮ ಕೆಲಸವನ್ನು ನಾವೇ ಪರಾಮರ್ಶಿಸಿಕೊಳ್ಳಲು ಹೊರಟಾಗ ‘ಕಲಿಸುವವರಿಗೆ ಮತ್ತೇನು ಕಲಿಕೆ?’ ಎಂದವರೇ ಹೆಚ್ಚು. ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ 3 ವರ್ಷ ಎಡವಿ, 4ನೇ ವರ್ಷ ಅದು ಕೈಗೂಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಶಿಬಿರಾರ್ಥಿಗಳ ಹಿಮ್ಮಾಹಿತಿ ನಮೂನೆಗಳನ್ನೇ ನೆಚ್ಚಿಕೊಂಡಿದ್ದೆವು. ಸುಮಾರು 800 ನಮೂನೆಗಳಲ್ಲಿ ‘ಚೆನ್ನಾಗಿತ್ತು, ಊಟವೂ ಚೆನ್ನಾಗಿತ್ತು’ ಎಂಬುದರಾಚೆ ಏನೂ ಸಿಗಲಿಲ್ಲ. ಎರಡನೇ ವರ್ಷ ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿದೆವು. 100 ಗಂಟೆಗೂ ಮಿಕ್ಕಿದ ಮುದ್ರಣದಲ್ಲಿ ಕುಳಿತು ಕೇಳಿದ್ದು 10 ಗಂಟೆಯೂ ಇರಲಾರದು. ಮೂರನೇ ವರ್ಷ, ಅಮೆರಿಕದ ನಿರ್ವಹಣಾ ಚಿಂತಕ ಕ್ರಿಸ್ ಆರ್ಗಿರಿಸ್‌ರ ಎರಡು ಅಂಕಣಗಳ ಪದ್ಧತಿಗೆ ಬಂದೆವು: ಬಲಕ್ಕೆ ಆಡಿದ ಮಾತು, ಎಡಕ್ಕೆ ಆಡದೆ ಉಳಿಸಿಕೊಂಡದ್ದು. ಆದರೆ ಸಂಜೆ ಐದೂವರೆಗೆ ಬರೆಯಲು ಕುಳಿತರೆ ಎಲ್ಲರ ಕಣ್ಣೂ ಕೊನೆಯ ಬಸ್ಸಿನ ಮೇಲೆ. ಜೊತೆಗೆ, ಗೌರವಧನ ಮಂಜೂರು ಮಾಡುವ ಸಂಯೋಜಕರೇ ಆ ಪುಟಗಳನ್ನು ಓದುತ್ತಿದ್ದುದರಿಂದ ಎಡ ಅಂಕಣದಲ್ಲಿ ಯಾರೊಬ್ಬರೂ ಸತ್ಯ ಬರೆಯಲಿಲ್ಲ.

4ನೇ ವರ್ಷ ಎರಡನ್ನು ಬದಲಿಸಿದೆವು. ಪುಟಗಳನ್ನು ಬರೆದು ಓದಿಕೊಳ್ಳುವ ಬೈಠಕ್ಕನ್ನು ಮರುದಿನ ಬೆಳಗಿನ 7 ಗಂಟೆಗೆ ತಂದೆವು. ಪುಟಗಳು ನಮ್ಮ ಆರು ಮಂದಿಯ ಕೈ ದಾಟಬಾರದೆಂದು ಗೊತ್ತುಮಾಡಿಕೊಂಡೆವು. ಒಂದು ರಾತ್ರಿ ಹೆಚ್ಚು ತಂಗಲು ತಲೆಗೆ ಸುಮಾರು 900 ರೂಪಾಯಿಯಂತೆ ಪ್ರತಿ ಶಿಬಿರಕ್ಕೆ ಐದೂವರೆ ಸಾವಿರ, 14 ಶಿಬಿರಗಳಿಗೆ 75 ಸಾವಿರದಷ್ಟು ಬೇಕಾಯಿತು. ‘ಕುಳಿತು ಮಾತಾಡುವುದಕ್ಕೆ ಹಣವಿಲ್ಲ’ ಎಂದು ನೆರವು ನೀಡುವ ಸಂಸ್ಥೆ ನಿರಾಕರಿಸಿತು. ಗೌರವಧನದಲ್ಲಿ ಹತ್ತನೇ ಒಂದು ಪಾಲನ್ನು ಎತ್ತಿಟ್ಟು ಹೆಚ್ಚುಕಡಿಮೆ ಅರ್ಧ ಹೊಂದಿಸಿದೆವು. ಉಳಿದದ್ದು ಶಿಬಿರದ ಬ್ಯಾಗಿನ ಬದಲು ಸಾದಾ ಕಡತ ಕೊಟ್ಟದ್ದರಿಂದ ಬಂತು.

ಫಲ ಕಂಡದ್ದು ನನ್ನದೇ ಪುಟದಲ್ಲಿ. ಮೂಡಿಗೆರೆ ಕಡೆಯ ಪಂಚಾಯಿತಿ ಅಧ್ಯಕ್ಷೆಯೊಬ್ಬರನ್ನು ಅನುದಾನದ ಬಗ್ಗೆ ಕೇಳಿದ್ದೆ. ಅವರು ತಲೆ ತಗ್ಗಿಸಿದ ಕೂಡಲೇ ನಾನೇ ಉತ್ತರಿಸಿದ್ದೆ. ‘ಇವರಿಗೆ ಗೊತ್ತಿಲ್ಲ, ಮುಜುಗರವಾಗದಿರಲಿ’ ಎಂದು ಎಡಕ್ಕೆ ಬರೆದಿದ್ದನ್ನು ಓದಿದ ಸಹೋದ್ಯೋಗಿ, ‘ಗೊತ್ತಿಲ್ಲವೆಂದು ನಿಮಗೆ ಹೇಳಿದವರು ಯಾರು?’ ಎಂದು ಕೇಳಿದರು. ಅಂದೇ ಆ ಅಧ್ಯಕ್ಷೆಯನ್ನು ಮತ್ತೆ ಕೇಳಿ, ಬಾಯಿ ಮುಚ್ಚಿಕೊಂಡು ಕಾದೆ. 20 ಸೆಕೆಂಡಾದರೂ ಕಳೆದಿರಬೇಕು. ಅವರು ಸೊಂಟದ ಪರ್ಸಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು, 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಉಳಿದಿರುವ ಮೊತ್ತವನ್ನೂ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಭೆಯ ಮುಂದಿಡದ ಎರಡು ಕಾಮಗಾರಿಗಳನ್ನೂ ಒಂದೊಂದಾಗಿ ಓದಿದರು.

ಆಮೇಲೆ ಮಾತಿನ ಹೊತ್ತನ್ನೇ ಅಳೆಯತೊಡಗಿದೆವು. ಆರಂಭದಲ್ಲಿ ಗಂಟೆಗೆ 40 ನಿಮಿಷದಷ್ಟು ನಾವೇ ಮಾತಾಡುತ್ತಿದ್ದವರು ವರ್ಷದ ಕೊನೆಗೆ 25ಕ್ಕೆ ಇಳಿದಿದ್ದೆವು. ಇಷ್ಟು ಇಳಿಸಿದ ಬೇರೆ ತಂಡವನ್ನು ನಾನು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನೋಡಿಲ್ಲ. ಜನವರಿಯಲ್ಲಿ ಕಾಫಿ ಕುಯ್ಲಿನಿಂದ ಹಾಜರಾತಿ ಅರ್ಧಕ್ಕಿಳಿದಾಗ ಒಂದು ಶಿಬಿರವನ್ನು ಕಾಫಿ ಕಣದಲ್ಲೇ ನಡೆಸಿದೆವು. ಎಲ್ಲರೂ ನೆಲದ ಮೇಲೆ ಕುಳಿತದ್ದರಿಂದ ಹಿಂದಿನ ಸಾಲಿನವರೂ ಬಾಯಿ ತೆರೆದರು. ಅಂದಿನಿಂದ ಸಭಾಭವನದಲ್ಲೂ ವೇದಿಕೆ ಹತ್ತುವುದನ್ನು ಬಿಟ್ಟಿದ್ದೇವೆ.

ಬೆಳಗಿನ ಬೈಠಕ್ಕಿನಲ್ಲಿ ಯಾರ ಪುಟ ಮೊದಲು ಯಾರ ಕೈಗೆ ಹೋಗಬೇಕೆಂಬುದಕ್ಕೆ ಒಂದು ಕ್ರಮವಿದೆ. ಅದನ್ನು ಇಲ್ಲಿ ಬಿಡಿಸಿಡಲಾರೆ. ಬಂದು ಜೊತೆಗೆ ಕುಳಿತವರಿಗೆ ತೋರಿಸುತ್ತೇನೆ. ಕಡೂರು, ತರೀಕೆರೆಗಳಿಂದ ಈಗಾಗಲೇ ಕರೆ ಬಂದಿದೆ. ಅಂದು ಹಣವಿಲ್ಲವೆಂದ ಸಂಸ್ಥೆಯೇ ಈ ವರ್ಷದ ಅಂದಾಜುಪಟ್ಟಿಯಲ್ಲಿ ಬೆಳಗಿನ ಬೈಠಕ್ಕಿಗೆಂದು 40 ಸಾವಿರದಷ್ಟು ಇಟ್ಟಿದೆ. ಅದು ಸಾಲದು, ಹತ್ತನೇ ಒಂದು ಪಾಲನ್ನು ಈಗಲೂ ಎತ್ತಿಡುತ್ತಿದ್ದೇವೆ.