ಹಸಿದವರಿಗಾಗಿ ಬೆಳೆಯುವ ಕೈತೋಟ: ವಾರಕ್ಕೊಂದು ಮಡಿ ಬಿತ್ತಿ
ಕೋಲಾರದಲ್ಲಿ ಸಮುದಾಯ ಕೈತೋಟ ಆರಂಭಿಸಿ, ಬೆಳೆದದ್ದನ್ನು ವೃದ್ಧಾಶ್ರಮಕ್ಕೋ ದುಡಿಯುವವರಿಲ್ಲದ ಮನೆಗಳಿಗೋ ಕೊಡಬೇಕೆಂದಿರುವ ಯುವಕ ಯುವತಿಯರು, ಬೀಜ ಕೊಳ್ಳುವ ಮೊದಲೇ ಅಲ್ಲಿ ಅಡುಗೆ ಮಾಡುವವರನ್ನು ಭೇಟಿಯಾಗಿ, ಯಾವ ದಿನ ಯಾವ ತರಕಾರಿ ಎಷ್ಟು ಬೇಕೆಂದು ಕೇಳಿಕೊಳ್ಳುವುದು ಒಳ್ಳೆಯದು. ಮೊದಲ ಬೆಳೆಗೆ ದಂಟು, ಮೆಂತ್ಯ ಸೊಪ್ಪುಗಳೇ ಸೂಕ್ತ. ಸುಮಾರು 25ರಿಂದ 30 ದಿನಗಳಲ್ಲಿ ಅವು ಕೊಯ್ಲಿಗೆ ಬರುವುದರಿಂದ ಸ್ವಯಂಸೇವಕರ ಉತ್ಸಾಹವೂ ಉಳಿಯುತ್ತದೆ. ಇಡೀ ಜಾಗಕ್ಕೆ ಒಮ್ಮೆಗೇ ಬೀಜ ಚೆಲ್ಲದೆ, ವಾರಕ್ಕೊಂದು ಮಡಿಯಂತೆ ಬಿತ್ತಿದರೆ ಕೊಡುವ ಕೈ ಯಾವ ವಾರವೂ ಬರಿದಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದೇ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ, ಮೊಳಕೆ ಮೇಲೆದ್ದ ನಂತರ ಸಾಲುಗಳ ನಡುವೆ ತರಗೆಲೆಯ ಹೊದಿಕೆ ಹಾಕಿದರೆ ತೇವ ಬೇಗ ಆರುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ನೀರುಣಿಸಲು ನೆರೆಯ ಹಿರಿಯರೊಬ್ಬರನ್ನು ಮೊದಲೇ ಒಪ್ಪಿಸಿರಿ. ಸೊಪ್ಪನ್ನು ಮುಂಜಾನೆ ಕೊಯ್ದು ಅಂದೇ ತಲುಪಿಸಿರಿ.